ಮಿದುಳು ಬೆಳೆಸಿದ್ದು ಗುಂಪೋ, ಗೊನೆಯೋ?

ತೋಟದಭಟ್ಟ, ಶಿರಸಿ:
ಮೊನ್ನೆ ಬೆಳಿಗ್ಗೆ ತೋಟಕ್ಕೆ ಮುಸಿಯನ (ಕರಿ ಮುಖದ ಲಂಗೂರ್) ಹಿಂಡು ಬಂತು. ಒಂದು ಮರಿ ಬಾಳೆಗೊನೆಗೆ ಕೈ ಹಾಕುವ ಮೊದಲು ಹಿಂಡಿನ ದೊಡ್ಡ ಗಂಡು, ಗಡವನ ಕಡೆ ನೋಡಿತು. ಗಡವ ಮುಖ ತಿರುಗಿಸಿದ್ದೇ ತಡ, ಎರಡು ಹಣ್ಣು ದವಡೆಗೆ ತುರುಕಿಕೊಂಡು ಅಡಿಕೆ ಮರ ಏರಿತು. ಯಾರು ನೋಡ್ತಾ ಇದ್ದಾರೆ, ಯಾರು ಯಾರ ಕಡೆ, ಯಾವಾಗ ಕದ್ದರೆ ಪೆಟ್ಟು ತಪ್ಪತದೆ ಎಂಬ ಲೆಕ್ಕಕ್ಕೇ ವಾನರರ ಮಿದುಳು ಬೆಳೆದದ್ದು. ಬ್ರಿಟಿಷ್ ವಿಜ್ಞಾನಿ ರಾಬಿನ್ ಡನ್‌ಬಾರ್ 1992ರಲ್ಲೇ ತೋರಿಸಿದ್ದಾರೆ: ಮಿದುಳಿನ ಹೊರಪದರದ ಪಾಲು ಹೆಚ್ಚಾದ ಹಾಗೆ ಗುಂಪೂ ದೊಡ್ಡದು. ಇದರಲ್ಲಿ ವಾದಕ್ಕೆ ಎಂತದೂ ಉಳಿದಿಲ್ಲ.

ಕುಮಟೆ ಮಾಸ್ತರ:
"ಎಂತದೂ ಉಳಿದಿಲ್ಲ"ವೋ? ನೀವು 1992ರಲ್ಲೇ ನಿಂತಿದ್ದೀರಿ. 2017ರಲ್ಲಿ ಡಿಕೇಸಿಯನ್ ಮತ್ತು ಸಂಗಡಿಗರು 140ಕ್ಕೂ ಹೆಚ್ಚು ವಾನರ ಪ್ರಭೇದಗಳ ಲೆಕ್ಕ ಹಾಕಿದಾಗ ಗುಂಪಿನ ಗಾತ್ರಕ್ಕಿಂತ ಆಹಾರವೇ ಮಿದುಳಿಗೆ ಹೆಚ್ಚು ತಾಳೆಯಾಯ್ತು. ಹಣ್ಣು ತಿನ್ನುವವಕ್ಕೆ ಎಲೆ ತಿನ್ನುವವಕ್ಕಿಂತ ಮಿದುಳು ಸುಮಾರು 25% ಹೆಚ್ಚು. ಯಾವ ಮರದ ಹಣ್ಣು ಯಾವಾಗ ಮಾಗ್ತದೆ ಅಂತ ನೆನಪಿಡಬೇಕಲ್ಲ. ಒರಾಂಗುಟಾನ್ ಹೆಚ್ಚಾಗಿ ಒಂಟಿ. ಅದರ ಮಿದುಳು ಯಾರ ರಾಜಕೀಯಕ್ಕೆ ಬೆಳೀತು?

ಯಲ್ಲಾಪುರ ಘಟ್ಟ:
ಎರಡೂ ಇರಲಿ. ಭಟ್ಟರು ನೋಡಿದ್ದು ಮುಸಿಯ ಅಲ್ಲವೇ ಅಲ್ಲ. "ದವಡೆಗೆ ತುರುಕಿಕೊಂಡು" ಅಂತ ಅವರೇ ಬರೆದಿದ್ದಾರೆ. ಕೆನ್ನೆಚೀಲ ಇರೋದು ಮಂಗನಿಗೆ, ಮುಸಿಯನಿಗಿಲ್ಲ.

ತೋಟದಭಟ್ಟ, ಶಿರಸಿ:
ನಲವತ್ತು ವರ್ಷ ತೋಟ ಕಾದವನಿಗೆ ಮುಸಿಯ ಯಾವುದು ಅಂತ ಪಾಠವೋ? ಕರಿ ಮುಖ, ಮಾರುದ್ದದ ಬಾಲ. ಸಾಕೋ?

ಯಲ್ಲಾಪುರ ಘಟ್ಟ:
ಬಾಲ ಎರಡಕ್ಕೂ ಉದ್ದವೇ. ಮಂಗನಿಗಿರುವ ಹಾಗೆ ನೆತ್ತಿ ಮೇಲೆ ಬೈತಲೆ ತೆಗೆದು ಟೋಪಿ ಇಟ್ಟಂಥ ಕೂದಲಿತ್ತೋ ಇಲ್ಲವೋ, ಅಷ್ಟು ಹೇಳಿ.

ಕಾರವಾರದ ಕಡಲು:
ಮಂಗನೋ ಮುಸಿಯನೋ, ವಿಷಯ ಅದಲ್ಲ ಮಾರಾಯ್ರೆ. ಆಕ್ಸ್‌ಫರ್ಡ್‌ನಲ್ಲಿ 23 ಮಕಾಕ್‌ಗಳನ್ನು ಬೇರೆ ಬೇರೆ ಗಾತ್ರದ ಗುಂಪಿನಲ್ಲಿ ಇಟ್ಟು ನೋಡಿದ್ದಾರೆ, 2011ರಲ್ಲಿ ಪ್ರಕಟವಾಯ್ತು. ದೊಡ್ಡ ಗುಂಪಿನಲ್ಲಿದ್ದವಕ್ಕೆ ಮಿದುಳಿನ ಕೆಲವು ಭಾಗಗಳಲ್ಲಿ ಬೂದು ದ್ರವ್ಯ (ನರಕೋಶಗಳು ತುಂಬಿದ ಭಾಗ) ಹೆಚ್ಚಿತ್ತು. ನಮ್ಮ ಮಂಗನೂ ಮಕಾಕ್ ಜಾತಿಯದ್ದೇ. ಇನ್ನೆಂತ ಬೇಕು?

ಕುಮಟೆ ಮಾಸ್ತರ:
"ಗುಂಪಿನಲ್ಲಿ ಇಟ್ಟು". ಅದೇ ನೋಡಿ. ಅದು ಒಂದು ಜೀವದ ಆಯುಸ್ಸಿನಲ್ಲಿ ಆಗುವ ಬದಲಾವಣೆ. ವ್ಯಾಯಾಮ ಮಾಡಿದರೆ ತೋಳು ದಪ್ಪ ಆಗ್ತದೆ, ಅದಕ್ಕೆ ವಿಕಾಸ ಅಂತಾರೋ?

ಕಾರವಾರದ ಕಡಲು:
ಬೆಳೆಯುವ ಗುಣ ಇದ್ದದ್ದಕ್ಕೇ ತೋಳು ದಪ್ಪ ಆಗೋದು, ಮಾಸ್ತರರೇ. ಆ ಗುಣ ಎಲ್ಲಿಂದ ಬಂತು?

ಸಿದ್ದಾಪುರದವ:
ಕಪ್ಪು ಮುಖ ಅಂದ್ರಲ್ಲ, ಸಿಂಗಳೀಕ ಇರಬಹುದು. ಅದಕ್ಕೂ ಕೆನ್ನೆಚೀಲ ಇದೆ. ಅಘನಾಶಿನಿ ಕಣಿವೆಯಲ್ಲಿ ಬೇಕಷ್ಟಿವೆ.

ತೋಟದಭಟ್ಟ, ಶಿರಸಿ:
ಮುಖದ ಸುತ್ತ ಬಿಳಿ ಕೇಸರ ಇರುವ ಪ್ರಾಣಿ ನನ್ನ ಬಾಳೆಗೊನೆ ಮೇಲೆ ಕೂತರೆ ನಾನು ಫಾರೆಸ್ಟಿನವರಿಗೆ ಫೋನ್ ಮಾಡ್ತಿದ್ದೆ, ಇಲ್ಲಿ ಬರೀತಾ ಕೂರ್ತಿರಲಿಲ್ಲ.

ಕುಮಟೆ ಮಾಸ್ತರ:
ಹಾಗಾದ್ರೆ ಮುಸಿಯನೇ ಆಗಲಿ. ಆಗ ಭಟ್ಟರ ವಾದವೇ ಬಿತ್ತು. ಮುಸಿಯ ಗುಂಪಿನಲ್ಲೇ ಬಾಳೋದು, ಮುಖ್ಯವಾಗಿ ಎಲೆ ತಿನ್ನೋದು, ಅದಕ್ಕೆ ಕೋಣೆ ಕೋಣೆ ಹೊಟ್ಟೆ. ಆದರೂ ದೇಹಕ್ಕೆ ಹೋಲಿಸಿದರೆ ಅದರ ಮಿದುಳು ಮಂಗನದ್ದಕ್ಕಿಂತ ಚಿಕ್ಕದು.

ತೋಟದಭಟ್ಟ, ಶಿರಸಿ:
"ಎಲೆ ತಿನ್ನೋದು"! ನನ್ನ ತೋಟಕ್ಕೆ ಬಂದು ಹೇಳಿ ಈ ಮಾತು. ಮತ್ತೆ ಮುಸಿಯನಿಗೆ ರಾಜಕೀಯ ಇಲ್ವೋ? ಧಾರವಾಡದ ಕಾಡಿನಲ್ಲಿ 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಕಂಡುಕೊಂಡದ್ದು ಇದೇ: ಹೊಸ ಗಡವ ಹಿಂಡು ಹಿಡಿದರೆ ಹಳೆಯದರ ಮರಿಗಳನ್ನು ಕೊಲ್ತದೆ.

ಕುಮಟೆ ಮಾಸ್ತರ:
ಮರಿ ಕೊಲ್ಲೋಕೆ ಎಷ್ಟು ಮಿದುಳು ಬೇಕು?

ಕಾರವಾರದ ಕಡಲು:
ಮರಿ ಉಳಿಸಿಕೊಳ್ಳೋಕೆ ತಾಯಂದಿರಿಗೆ ಬೇಕು. ಅದನ್ನ ಯಾರೂ ಲೆಕ್ಕಕ್ಕೇ ಹಿಡಿಯೋದಿಲ್ಲ.

ಯಲ್ಲಾಪುರ ಘಟ್ಟ:
ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ಟೋಪಿ ಇತ್ತೋ ಇಲ್ಲವೋ?

ಕುಮಟೆ ಮಾಸ್ತರ:
ಮಧ್ಯ, ದಕ್ಷಿಣ ಅಮೆರಿಕದ ಕಾಡಿಗೆ ಹೋಗಿ. ಜೇಡಮಂಗ, ಹೌಲರ್ ಮಂಗ ಎರಡರ ತೂಕವೂ ಹೆಚ್ಚುಕಡಿಮೆ ಒಂದೇ. ಹಣ್ಣು ಹುಡುಕಿ ತಿರುಗುವ ಜೇಡಮಂಗನ ಮಿದುಳು ಸುಮಾರು 107 ಗ್ರಾಂ, ಎಲೆ ಮೇಯುವ ಹೌಲರ್‌ದು 50. ವಾನರ ಸಂಶೋಧಕಿ ಕ್ಯಾಥರೀನ್ ಮಿಲ್ಟನ್ ಬರೆದದ್ದು, ನಾನು ಹುಟ್ಟಿಸಿದ್ದಲ್ಲ.

ಕಾರವಾರದ ಕಡಲು:
"ತಿರುಗುವ" ಅಂದ್ರಲ್ಲ, ಹೇಗೆ ತಿರುಗ್ತದೆ ಅದನ್ನೂ ಬರೀರಿ. ಜೇಡಮಂಗನ ಗುಂಪು ದಿನವೂ ಚದುರಿ ಮತ್ತೆ ಕೂಡ್ತದೆ. ಯಾರು ಎಲ್ಲಿಗೆ ಹೋದ್ರು, ಯಾರ ಜೊತೆ ಬಂದ್ರು, ಅದನ್ನೂ ನೆನಪಿಡಬೇಕು. ಬೇಕಾದ್ದನ್ನ ಮಾತ್ರ ಆರಿಸಿ ಹಾಕೋದು ನಿಮ್ಮ ಅಭ್ಯಾಸ.

ಕುಮಟೆ ಮಾಸ್ತರ:
ಅಭ್ಯಾಸದ ಮಾತು ಬೇಡ. ಡನ್‌ಬಾರ್‌ರ ಅದೇ ಲೆಕ್ಕದಿಂದ ಮನುಷ್ಯನ ಗುಂಪಿಗೆ 150 ಅಂತ ಬಂತು. 2021ರಲ್ಲಿ ಸ್ಟಾಕ್‌ಹೋಮ್‌ನ ಸಂಶೋಧಕರು ಮತ್ತೆ ಲೆಕ್ಕ ಮಾಡಿದಾಗ ಕೆಳಗಿನ ಮಿತಿ ಒಂದಂಕಿಗೆ ಇಳೀತು, ಮೇಲಿನದು ಐನೂರು ದಾಟಿತು. ಇಂಥ ಅಳತೆಗೋಲು ಹಿಡಿದು ಅಡಿಕೆ ತೂಗಿದರೆ ವ್ಯಾಪಾರಿ ಉಳೀತಾನೋ?

ತೋಟದಭಟ್ಟ, ಶಿರಸಿ:
ಅಡಿಕೆ ವಿಷಯ ನಮಗೆ ಬಿಡಿ. ಮಗ ಮೊಬೈಲಲ್ಲಿ ತೆಗೆದ ಫೋಟೊ ಈಗ ನೋಡಿದೆ. ಮುಖ ನೆರಳಲ್ಲಿದೆ. ದವಡೆ ಉಬ್ಬಿದ್ದು ಹೌದು.

ಯಲ್ಲಾಪುರ ಘಟ್ಟ:
ಮತ್ತೆ?

ತೋಟದಭಟ್ಟ, ಶಿರಸಿ:
ಮತ್ತೆಂತದು. ನಮ್ಮ ಮನೆಯಲ್ಲಿ ತೋಟ ಹಾಳು ಮಾಡೋದಕ್ಕೆಲ್ಲ ಮುಸಿಯ ಅಂತಲೇ ಹೇಳೋದು.

ಯಲ್ಲಾಪುರ ಘಟ್ಟ:
ನಲವತ್ತು ವರ್ಷ!

ಸಿದ್ದಾಪುರದವ:
ಗೊನೆ ಏನಾದ್ರೂ ಉಳೀತಾ ಭಟ್ರೆ?

ತೋಟದಭಟ್ಟ, ಶಿರಸಿ:
ದಿಂಡು ಉಳೀತು. ಪಲ್ಯ ಆಯ್ತು.