ಮದುವೆಯ ಹತ್ತನೇ ವರ್ಷಕ್ಕೆ ರುಫಿಜಿ ಕೆರೆಯ ಟೆಂಟೋ, ಸೆರೆಂಗೆಟಿಯೋ?

ಸಹನಾ_ಮೈಸೂರು
ಎಲ್ಲರಿಗೂ ನಮಸ್ಕಾರ. ಬರುವ ಅಕ್ಟೋಬರ್‌ಗೆ ನಮ್ಮ ಮದುವೆಯಾಗಿ ಹತ್ತು ವರ್ಷ. ಮಗಳನ್ನು ಅಮ್ಮನ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಟಾಂಜಾನಿಯಾಗೆ ಹೋಗಬೇಕು ಅಂತಿದ್ದೇವೆ. ನಮ್ಮವರಿಗೆ ಸೆರೆಂಗೆಟಿಯೇ ಬೇಕು. ನನಗೆ ದಕ್ಷಿಣದ ನ್ಯೆರೆರೆ ರಾಷ್ಟ್ರೀಯ ಉದ್ಯಾನದ ಮೇಲೆ ಮನಸ್ಸು. ಅಲ್ಲಿ ರುಫಿಜಿ ನದಿಯ ಪಕ್ಕ ಮಾಂಜೆ, ನ್ಜೆರಾಕೆರಾ, ಟಗಲಾಲ ಅಂತ ಸಾಲು ಸಾಲು ಸರೋವರಗಳಿವೆ. ದಂಡೆಯಲ್ಲೇ ಟೆಂಟ್, ಎದುರಿಗೆ ನೀರು, ಯಾರೂ ಕಾಲಿಡದ ಕಾಡು. ಇಬ್ಬರೇ ಕೂತು ಮಾತಾಡಿ ಎಷ್ಟೋ ದಿನ ಆಗಿದೆ, ಅದಕ್ಕೆ ಇಂಥ ಜಾಗವೇ ಸರಿ ಅನ್ನಿಸುತ್ತಿದೆ. ಖರ್ಚು ಕಡಿಮೆ ಏನಲ್ಲ. ಹೋಗಿ ಬಂದವರು ಹೇಳಿ, ಅಷ್ಟು ದುಡ್ಡಿಗೆ ಬೆಲೆ ಇದೆಯಾ?

ಲೆನ್ಸ್_ಗಿರಿ
ನೇರವಾಗಿ ಹೇಳ್ತೀನಿ, ಸೆರೆಂಗೆಟಿಗೇ ಹೋಗಿ. ಆಫ್ರಿಕಾಗೆ ಮತ್ತೆ ಯಾವಾಗ ಹೋಗ್ತೀರೋ ಗೊತ್ತಿಲ್ಲ. ಅಕ್ಟೋಬರ್‌ನಲ್ಲಿ ಸೆರೆಂಗೆಟಿಯ ಉತ್ತರಕ್ಕೆ ಹೋದರೆ ಮಾರಾ ನದಿ ದಾಟುವ ವೈಲ್ಡ್‌ಬೀಸ್ಟ್ ಹಿಂಡು ಸಿಗುವ ಸಾಧ್ಯತೆ ಇನ್ನೂ ಇರುತ್ತದೆ. ಬಯಲು ಸೀಮೆ, ಕಣ್ಣು ಹಾಯಿಸಿದಷ್ಟು ದೂರ ಕಾಣುತ್ತದೆ. ನ್ಯೆರೆರೆ ಕುರುಚಲು ಕಾಡು, ಪ್ರಾಣಿಗಳು ಚದುರಿರುತ್ತವೆ. ಸರೋವರ ಬೇಕೇ ಬೇಕು ಅಂದರೆ ಫೆಬ್ರವರಿಗೆ ಮುಂದೂಡಿ, ಸೆರೆಂಗೆಟಿಯ ದಕ್ಷಿಣ ಅಂಚಿನ ನ್ಡುಟು ಸರೋವರದ ಹತ್ತಿರ ಉಳಿಯಿರಿ. ಆಗ ಅಲ್ಲಿ ವೈಲ್ಡ್‌ಬೀಸ್ಟ್ ಮರಿ ಹಾಕುವ ಕಾಲ. ಮರಿಗಳ ಹಿಂದೆ ಚೀತಾ, ಸಿಂಹ ಎಲ್ಲ ಬರುತ್ತವೆ.

ದಾರ್_ಕನ್ನಡಿಗ
ಗಿರಿ ಅವರ ಮಾತು ಫೋಟೊಗೆ ಸರಿ. ಸಹನಾ ಅವರು ಕೇಳಿದ್ದು ಬೇರೆ ಅಲ್ವಾ?

ನಾನು ಇರುವುದು ದಾರ್ ಎಸ್ ಸಲಾಮ್‌ನಲ್ಲಿ. ಮನೆಗೆ ಬಂದ ನೆಂಟರನ್ನು ಈ ಕೆರೆಗಳಿಗೇ ಕರೆದುಕೊಂಡು ಹೋಗುತ್ತೇನೆ. ಚಿಕ್ಕ ವಿಮಾನದಲ್ಲಿ ಮುಕ್ಕಾಲು ಗಂಟೆ, ಮಣ್ಣಿನ ರನ್‌ವೇ ಮೇಲೆ ಇಳಿಸುತ್ತಾರೆ. ಸೆರೆಂಗೆಟಿಯಲ್ಲಿ ದಿನವಿಡೀ ಜೀಪಿನಲ್ಲೇ ಇರುತ್ತೀರಿ. ಇಲ್ಲಿ ಬೆಳಿಗ್ಗೆ ಬಂದೂಕು ಹಿಡಿದ ರೇಂಜರ್ ಜೊತೆ ನಡೆಯಬಹುದು, ಸಂಜೆ ದೋಣಿಯಲ್ಲಿ ಹೋಗಬಹುದು. ಒಣಗಿ ಬೋಳಾದ ತಾಳೆಮರಗಳು ನೀರಿನ ನಡುವೆಯೇ ನಿಂತಿರುತ್ತವೆ, ಅವುಗಳ ತುದಿಯಲ್ಲಿ ಮೀನುಹದ್ದು. ಮಣ್ಣಿನ ದಂಡೆಯಲ್ಲಿ ತೂತು ಕೊರೆದು ಗೂಡು ಮಾಡುವ ಜೇನುಹಿಡುಕ ಹಕ್ಕಿಗಳು. ದೋಣಿಯ ಮೋಟಾರ್ ನಿಲ್ಲಿಸಿದ ಮೇಲೆ ಹಿಪ್ಪೊಗಳು ಮೂಗಿನಿಂದ ಗಾಳಿ ಬಿಡುವುದು ಕೇಳಿಸುತ್ತದೆ. ಅಕ್ಟೋಬರ್ ಒಣಗಾಲದ ಕೊನೆ, ಸುತ್ತಲಿನ ಗುಂಡಿಗಳೆಲ್ಲ ಬತ್ತಿ ಪ್ರಾಣಿಗಳು ಈ ಕೆರೆಗಳಿಗೇ ಬರಬೇಕು. ಆಫ್ರಿಕಾದ ಕಾಡುನಾಯಿ ಇನ್ನೂ ದೊಡ್ಡ ಸಂಖ್ಯೆಯಲ್ಲಿ ಉಳಿದಿರುವ ಕೆಲವೇ ಕಾಡುಗಳಲ್ಲಿ ಇದೂ ಒಂದು.

ಇನ್ನೊಂದು ಮಾತು. ಇಲ್ಲಿನ ಎಷ್ಟೋ ಕ್ಯಾಂಪ್‌ಗಳಿಗೆ ಬೇಲಿ ಇಲ್ಲ. ಕತ್ತಲಾದ ಮೇಲೆ ಟೆಂಟ್‌ನಿಂದ ಊಟದ ಜಾಗಕ್ಕೂ ಕಾವಲುಗಾರ ಬಂದೇ ಕರೆದುಕೊಂಡು ಹೋಗಬೇಕು. ಹಿಪ್ಪೊ ರಾತ್ರಿ ನೀರು ಬಿಟ್ಟು ಮೇಯಲು ಬರುತ್ತದೆ, ಒಂದೊಂದೂ ಸುಮಾರು 40 ಕಿಲೊ ಹುಲ್ಲು ತಿನ್ನುತ್ತದೆ. ನೀರಿಗೂ ಅದಕ್ಕೂ ನಡುವೆ ನೀವು ನಿಂತರೆ ಜೀವಕ್ಕೇ ಅಪಾಯ. ಬೆಳದಿಂಗಳಲ್ಲಿ ಕೈ ಹಿಡಿದು ದಂಡೆಯ ಮೇಲೆ ತಿರುಗಾಡುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ. ಟೆಂಟಿನ ಮುಂದಿನ ಜಗುಲಿಯಲ್ಲಿ ಕೂತು ಕೇಳಿಸಿಕೊಳ್ಳುವುದೇ ಅಲ್ಲಿಯ ಸುಖ. ನನ್ನ ಪ್ರಕಾರ ಅದಕ್ಕಿಂತ ಹತ್ತಿರ ಇಬ್ಬರನ್ನು ಕೂರಿಸುವ ಜಾಗ ಬೇರೆ ಇಲ್ಲ.

ಹೊಳೆಸಾಲು
ಹೋಗುವುದಾದರೆ ಬೇಗ ಹೋಗಿ ಅಂತ ನಾನು ಹೇಳುತ್ತೇನೆ. ಕಾರಣ ಇದೆ.

ಈ ಕೆರೆಗಳಿಗೆ ಸ್ವಂತ ನೀರು ಅಂತ ಹೆಚ್ಚೇನಿಲ್ಲ. ರುಫಿಜಿ ಹಿಂದೆ ಹರಿದು ಬಿಟ್ಟುಹೋದ ದಾರಿಗಳು ಇವು. ಮಳೆಗಾಲದಲ್ಲಿ ನದಿ ಉಕ್ಕಿದಾಗ ಕಾಲುವೆಗಳ ಮೂಲಕ ನೀರು ಒಳಗೆ ಬರುತ್ತದೆ, ಜೊತೆಗೆ ಮೀನು, ಹೂಳು ಎಲ್ಲ ಬರುತ್ತದೆ. ಈಗ ಇವುಗಳ ಮೇಲುಗಡೆ, ಸ್ಟೀಗ್ಲರ್ ಕಣಿವೆಯಲ್ಲಿ, 2,115 ಮೆಗಾವಾಟ್‌ನ ಜೂಲಿಯಸ್ ನ್ಯೆರೆರೆ ಅಣೆಕಟ್ಟು ಎದ್ದಿದೆ. 2022ರ ಡಿಸೆಂಬರ್‌ನಲ್ಲಿ ನೀರು ತುಂಬಿಸಲು ಶುರು ಮಾಡಿದರು. ಅದೂ ಯುನೆಸ್ಕೊ 1982ರಲ್ಲೇ ವಿಶ್ವ ಪರಂಪರೆ ಅಂತ ಗುರುತಿಸಿದ ಸೆಲೂ ಕಾಡಿನ ಒಳಗೆ. ನ್ಯೆರೆರೆ ಉದ್ಯಾನ ಮಾಡಿದ್ದು ಇದೇ ಸೆಲೂವಿನ ಒಂದು ಭಾಗವನ್ನು. ನದಿ ಉಕ್ಕುವುದು ನಿಂತರೆ ಕೆರೆ ನಿಧಾನವಾಗಿ ಹುಲ್ಲುಗಾವಲಾಗುತ್ತದೆ. ಕ್ಯಾಂಪ್‌ಗಳು 'ಸರೋವರದ ದಂಡೆ' ಅಂತ ಮಾರುತ್ತಿರುವುದು ಆ ನೆರೆಯನ್ನೇ.

ಟರ್ಬೈನ್_ರಾವ್
ನಾನು ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಹೊಳೆಸಾಲು ಅವರೇ, ನಿಮ್ಮ ಕಳಕಳಿ ಗೌರವಿಸುತ್ತೇನೆ. ಆದರೆ ಆರು ಕೋಟಿಗಿಂತ ಹೆಚ್ಚು ಜನರ ದೇಶ ಅದು. ಹಳ್ಳಿಗಳಲ್ಲಿ ಇನ್ನೂ ಕಟ್ಟಿಗೆ, ಇದ್ದಿಲಿನಲ್ಲೇ ಅಡುಗೆ. ಆ ಇದ್ದಿಲು ಬರುವುದು ಕೂಡ ಕಾಡಿನಿಂದಲೇ. ಅವರಿಗೆ ಕರೆಂಟು ಬೇಡ ಅನ್ನಲು ನಾವು ಯಾರು?

ಅಣೆಕಟ್ಟು ಕಟ್ಟಿದ ಕಡೆ ಕಾಡು ಸತ್ತೇ ಹೋಗುತ್ತದೆ ಅನ್ನುವುದೂ ಸರಿಯಲ್ಲ. ನಮ್ಮ ಕಬಿನಿಯನ್ನೇ ನೋಡಿ. 1974ರಲ್ಲಿ ಅಣೆಕಟ್ಟು ಮುಗಿಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಚಿಗುರುವ ಹುಲ್ಲಿಗೆ ನೂರಾರು ಆನೆ ಸೇರುತ್ತವೆ. ಅದನ್ನು ನೋಡಲು ದೇಶ ವಿದೇಶದಿಂದ ಜನ ಬರುತ್ತಾರೆ.

ಹೊಳೆಸಾಲು
ರಾವ್ ಸರ್, ಕಬಿನಿಯಲ್ಲಿ ಆನೆ ಸೇರುವುದು ಅಣೆಕಟ್ಟಿನ ಮೇಲುಗಡೆ, ಹಿನ್ನೀರಿನಲ್ಲಿ. ಸಹನಾ ಅವರು ಕೇಳುತ್ತಿರುವ ಕೆರೆಗಳು ಇರುವುದು ಅಣೆಕಟ್ಟಿನ ಕೆಳಗೆ. ಮೇಲೆ ಹೊಸ ಜಲಾಶಯ ಬಂದಿದೆ, ಅಲ್ಲೂ ಒಂದಿಷ್ಟು ಪ್ರಾಣಿ ಬರಬಹುದು, ಒಪ್ಪುತ್ತೇನೆ. ಕೆಳಗಿನವರಿಗೆ ಅದರಿಂದ ಏನು ಸಿಗುತ್ತದೆ?

ಪ್ರಾಣಿಗಳ ಮಾತು ಬಿಡಿ. ರುಫಿಜಿಯ ಕೆಳಭಾಗದ ರೈತರು ನೆರೆ ಇಳಿದ ಮೇಲೆ ಉಳಿಯುವ ಹಸಿ ಮಣ್ಣಿನಲ್ಲಿ ಬಿತ್ತುತ್ತಾರೆ. ನದಿ ಸಮುದ್ರ ಸೇರುವಲ್ಲಿ ಪೂರ್ವ ಆಫ್ರಿಕಾದಲ್ಲೇ ದೊಡ್ಡ ಕಾಂಡ್ಲಾ ಕಾಡಿದೆ, ಅಲ್ಲಿ ಸಿಗಡಿ ಹಿಡಿದು ಬದುಕುವವರಿದ್ದಾರೆ. ಹೂಳು ಅಣೆಕಟ್ಟಿನ ಹಿಂದೆಯೇ ನಿಂತರೆ ಆ ಕಾಡಿನ ನೆಲ ಕೊಚ್ಚಿಹೋಗುತ್ತದೆ. ಕರೆಂಟು ಬೇಕು ಅನ್ನುವ ಜನ, ನೆರೆ ಬೇಕು ಅನ್ನುವ ಜನ ಇಬ್ಬರೂ ಟಾಂಜಾನಿಯಾದವರೇ.

ಟರ್ಬೈನ್_ರಾವ್
ನೆರೆ ಬೇಕು ಅನ್ನುವವರು 2024ರ ಏಪ್ರಿಲ್ ನೆನಪಿಸಿಕೊಳ್ಳಬೇಕು. ರುಫಿಜಿ, ಕಿಬಿಟಿ ಜಿಲ್ಲೆಗಳಲ್ಲಿ ಹಳ್ಳಿ, ಹೊಲ ಎಲ್ಲ ಮುಳುಗಿದವು. ಅಂಥ ನೀರನ್ನು ಹಿಡಿದಿಡುವುದಕ್ಕೂ ಅಣೆಕಟ್ಟು ಬೇಕು.

ಹೊಳೆಸಾಲು
ಆ ಏಪ್ರಿಲ್‌ನಲ್ಲಿ ಜಲಾಶಯ ತುಂಬಿ, ಅಣೆಕಟ್ಟಿನಿಂದಲೇ ನೀರು ಬಿಡಬೇಕಾಯಿತು ಸರ್. ತುಂಬಿದ ಅಣೆಕಟ್ಟು ನೆರೆ ತಡೆಯುವುದಿಲ್ಲ. ನಾನು ಕೇಳುವುದು ಒಂದೇ. ಅಣೆಕಟ್ಟು ಆಗಿಹೋಗಿದೆ, ಅದನ್ನು ಒಡೆಯಿರಿ ಅನ್ನುತ್ತಿಲ್ಲ. ಮಳೆಗಾಲದಲ್ಲಿ ಲೆಕ್ಕ ಹಾಕಿ, ಕೆಳಗಿನವರಿಗೆ ಮೊದಲೇ ಹೇಳಿ, ಕೆರೆಗಳಿಗೆ ಹತ್ತುವಷ್ಟು ನೀರು ಬಿಡಲಿ. ಸ್ವಲ್ಪ ವಿದ್ಯುತ್ ಕಡಿಮೆಯಾಗುತ್ತದೆ. ಆಗಲಿ.

ಟರ್ಬೈನ್_ರಾವ್
ಅದು ಮಾಡಬಹುದಾದ ಕೆಲಸ. ಗೇಟು ನಡೆಸುವವರಿಗೆ ಆ ಆದೇಶ ಬರೆದು ಕೊಟ್ಟಿರಬೇಕು, ಅಷ್ಟೆ. ಇದರಲ್ಲಿ ನಿಮ್ಮ ಜೊತೆ ಇದ್ದೇನೆ.

ಹಾಡಿಮನೆ
ಸಹನಾ ಮೇಡಂ, ನೀವು 'ಯಾರೂ ಕಾಲಿಡದ ಕಾಡು' ಅಂತ ಬರೆದಿದ್ದು ನೋಡಿ ಸುಮ್ನೆ ಇರಲಾಗಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಅಲ್ಲಿ ಜನ ಇದ್ದರು. 1896ರಲ್ಲಿ ಜರ್ಮನ್ನರು ರುಫಿಜಿ ಸುತ್ತ ಬೇಟೆಗೆ ನಿರ್ಬಂಧ ಹಾಕಿ ಮೀಸಲು ಮಾಡಿದರು. ಒತ್ತಾಯದಿಂದ ಹತ್ತಿ ಬೆಳೆಸಿದ್ದಕ್ಕೆ 1905ರಲ್ಲಿ ಜನ ತಿರುಗಿಬಿದ್ದರು, ಅದೇ ಮಾಜಿ ಮಾಜಿ ದಂಗೆ (ಸ್ವಾಹಿಲಿಯಲ್ಲಿ ಮಾಜಿ ಅಂದರೆ ನೀರು). ಅದನ್ನು ಹಬ್ಬಿಸಿದ ಕಿಂಜಿಕಿಟಿಲೆ ನ್ಗ್ವಾಲೆ ಇದೇ ಸೀಮೆಯ ನ್ಗರಂಬೆ ಊರಿನವರು. ಆ ವರ್ಷದ ಆಗಸ್ಟ್‌ನಲ್ಲೇ ಅವರನ್ನು ನೇಣಿಗೆ ಹಾಕಿದರು. ದಂಗೆ ಅಡಗಿಸಲು ಜರ್ಮನ್ನರು ಬೆಳೆ ಸುಟ್ಟರು, ಹಸಿವಿನಿಂದ ಸತ್ತವರೇ ಜಾಸ್ತಿ. ಆಮೇಲೆ ಬ್ರಿಟಿಷರು ಬಂದು 1940ರ ದಶಕದಲ್ಲಿ ಸೆಟ್ಸಿ ನೊಣ ಕಚ್ಚಿ ಹರಡುವ ನಿದ್ರೆ ರೋಗದ ಕಾರಣ ಕೊಟ್ಟು ಉಳಿದ ಹಳ್ಳಿಗಳನ್ನು ಎಬ್ಬಿಸಿದರು. ಕಾಡು ಖಾಲಿಯಾಗಿ ಕಾಣುವುದು ಹೀಗೆ. ನಾಗರಹೊಳೆಯಿಂದ ಹೊರಬಂದ ಜೇನು ಕುರುಬರ ಮನೆಗಳಲ್ಲಿ ಕೂತು ಕೇಳಿದವರಿಗೆ ಈ ಕಥೆ ಹೊಸದಲ್ಲ.

ಲೆನ್ಸ್_ಗಿರಿ
ಇತಿಹಾಸ ಸರಿ ಸರ್, ಆದರೆ ಗಂಡ ಹೆಂಡತಿ ನಾಲ್ಕು ದಿನ ಖುಷಿಯಾಗಿ ಇದ್ದು ಬರಲಿ. ಎಲ್ಲಾ ಭಾರವನ್ನೂ ಅವರ ತಲೆ ಮೇಲೆ ಹಾಕಬೇಕಾ? ಇನ್ನೊಂದು ಮಾತು, ಆ ಮೀಸಲು ಇರದಿದ್ದರೆ ಇಷ್ಟಾದರೂ ಆನೆ ಉಳಿಯುತ್ತಿರಲಿಲ್ಲ.

ಹಾಡಿಮನೆ
ಮೀಸಲು ಇದ್ದಾಗಲೇ ದಂತಕ್ಕಾಗಿ ಕೊಂದರಲ್ಲ ಸರ್. 1970ರ ದಶಕದಲ್ಲಿ ಸೆಲೂ ಸೀಮೆಯಲ್ಲಿ ಒಂದು ಲಕ್ಷದಷ್ಟು ಆನೆ ಇದ್ದವು. 2013ರ ಎಣಿಕೆಯಲ್ಲಿ ಸಿಕ್ಕಿದ್ದು ಸುಮಾರು 13,000. ಮರುವರ್ಷವೇ ಯುನೆಸ್ಕೊ ಇದನ್ನು ಅಪಾಯದ ಪಟ್ಟಿಗೆ ಸೇರಿಸಿತು. ಸುತ್ತಲಿನ ಹಳ್ಳಿಯವರಿಗೆ ಕಾಡಿನಿಂದ ಏನೂ ಸಿಗದೆ ಇದ್ದರೆ ಕಾಡನ್ನು ಕಾಯುವವರು ಯಾರು? ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಅಕ್ಕಪಕ್ಕದ ಹಳ್ಳಿಯವರಿಗೆ ಕೆಲಸ ಕೊಟ್ಟಿರುವ ಕ್ಯಾಂಪ್ ಆರಿಸಿ. ಗೈಡ್ ಜೊತೆ ನಡೆಯುವಾಗ ಅವರ ಅಜ್ಜನ ಊರು ಯಾವುದು ಅಂತ ಕೇಳಿ. ಪ್ರೀತಿಗೆ ಅದರಿಂದ ಏನೂ ಕಡಿಮೆ ಆಗುವುದಿಲ್ಲ.

ಸಹನಾ_ಮೈಸೂರು
ಬೇಜಾರಿಲ್ಲ ಸರ್, ಒಳ್ಳೆಯದೇ ಆಯಿತು. ಇಷ್ಟೆಲ್ಲ ಓದಿದ ಮೇಲೆ ಆ ಕೆರೆಗಳ ಮೇಲೆ ಆಸೆ ಜಾಸ್ತಿಯೇ ಆಗಿದೆ. ನಮ್ಮವರಿಗೂ ಓದಿಸಿದೆ. ದೋಣಿ, ಕಾಡುನಾಯಿ ಎರಡೂ ಅವರನ್ನು ಹಿಡಿದಿವೆ. ದಾರ್‌ನವರೇ, ತಯಾರಿ ಏನು ಮಾಡಿಕೊಳ್ಳಬೇಕು? ಟೆಂಟಿಗೇ ಸೇರಿದ ಸಣ್ಣ ಈಜುಕೊಳ ಇರುವ ಕ್ಯಾಂಪ್‌ಗೆ ದುಡ್ಡು ಬಹಳ ಜಾಸ್ತಿ ಹೇಳುತ್ತಿದ್ದಾರೆ. ಅದು ಬೇಕಾ?

ದಾರ್_ಕನ್ನಡಿಗ
ಈಜುಕೊಳ ಬೇಡ. ಆ ದುಡ್ಡಿಗೆ ಒಂದು ರಾತ್ರಿ ಹೆಚ್ಚು ಉಳಿಯಿರಿ. ಮೊದಲ ದಿನ ಕಣ್ಣು, ಕಿವಿ ಒಗ್ಗುವುದಕ್ಕೇ ಹೋಗುತ್ತದೆ.

ಚಿಕ್ಕ ವಿಮಾನಕ್ಕೆ ಸಾಮಾನ್ಯವಾಗಿ ತಲೆಗೆ 15 ಕಿಲೊ ಮಾತ್ರ, ಅದೂ ಮೆತ್ತನೆಯ ಬ್ಯಾಗ್. ಗಟ್ಟಿ ಸೂಟ್‌ಕೇಸ್ ದಾರ್‌ನಲ್ಲೇ ಇಟ್ಟು ಹೋಗಿ. ಕಡು ನೀಲಿ, ಕಪ್ಪು ಬಟ್ಟೆ ಬೇಡವೇ ಬೇಡ, ಸೆಟ್ಸಿ ನೊಣ ಆ ಬಣ್ಣಕ್ಕೆ ಮುತ್ತಿಕೊಳ್ಳುತ್ತದೆ, ಪ್ಯಾಂಟಿನ ಮೇಲಿಂದಲೂ ಕಚ್ಚುತ್ತದೆ. ತಗ್ಗು ಪ್ರದೇಶ, ಮಲೇರಿಯಾ ಇದೆ. ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಮಾತ್ರೆ ಬರೆಸಿಕೊಳ್ಳಿ. ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಬರುವುದಾದರೆ ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮೊದಲು ಹಾಕಿಸಿ, ಕಾರ್ಡು ಕೈಚೀಲದಲ್ಲೇ ಇರಲಿ. ಪ್ಲಾಸ್ಟಿಕ್ ಕವರ್ ತರಬೇಡಿ, 2019ರಿಂದ ಈ ದೇಶದಲ್ಲಿ ನಿಷೇಧ. ಸಸ್ಯಾಹಾರ ಆದರೆ ಬುಕ್ ಮಾಡುವಾಗಲೇ ಬರೆದು ಕೊಡಿ. ತರಕಾರಿ ದಾರ್‌ನಿಂದ ಬರಬೇಕು, ಅಲ್ಲಿ ಹೋಗಿ ಕೇಳಿದರೆ ಅಡುಗೆಯವರಿಗೂ ಕಷ್ಟ.

ಅಕ್ಟೋಬರ್ ಬಿಟ್ಟು ಮುಂದಕ್ಕೆ ಹಾಕಬೇಡಿ. ನವೆಂಬರ್‌ನಲ್ಲಿ ಸಣ್ಣ ಮಳೆ ಶುರುವಾಗಬಹುದು. ಏಪ್ರಿಲ್, ಮೇ ದೊಡ್ಡ ಮಳೆಗೆ ಹೆಚ್ಚಿನ ಕ್ಯಾಂಪ್‌ಗಳು ಬಾಗಿಲು ಹಾಕುತ್ತವೆ.

ಲೆನ್ಸ್_ಗಿರಿ
ಸರಿ, ನ್ಯೆರೆರೆ ಅಂತಲೇ ಆಗಲಿ. ಆದರೆ ದಿನ ಉಳಿದರೆ ಮಾಫಿಯಾ ದ್ವೀಪಕ್ಕೆ ಹೋಗಿ, ರುಫಿಜಿ ಸಮುದ್ರ ಸೇರುವ ಜಾಗದ ಎದುರಿಗೇ ಇದೆ. ಅಕ್ಟೋಬರ್‌ನಿಂದ ಅಲ್ಲಿ ತಿಮಿಂಗಿಲ ಶಾರ್ಕ್ ಬರಲು ಶುರು. ಸೆರೆಂಗೆಟಿ ಬಗ್ಗೆ ನನ್ನ ಮಾತು ಹಾಗೇ ಇದೆ, ಮುಂದಿನ ಸಲ ಮಗಳನ್ನೂ ಕರೆದುಕೊಂಡು ಅಲ್ಲಿಗೇ ಹೋಗಿ.

ಸಹನಾ_ಮೈಸೂರು
ಮಾಫಿಯಾ ನಕ್ಷೆಯಲ್ಲಿ ನೋಡಿದೆ, ತುಂಬಾ ಹತ್ತಿರವಿದೆ. ಕ್ಯಾಂಪ್‌ನವರಿಗೆ ಇವತ್ತೇ ಬರೆಯುತ್ತಿದ್ದೇನೆ: ಕೆಲಸದವರಲ್ಲಿ ಸುತ್ತಲಿನ ಹಳ್ಳಿಯವರು ಎಷ್ಟು, ಈ ವರ್ಷ ಕೆರೆಗೆ ನೀರು ಹತ್ತಿದೆಯಾ, ಎರಡನ್ನೂ ಕೇಳುತ್ತೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.