ಸಹಾಯ ಬೇಕು: ಚಿಪ್‌ನಲ್ಲಿ ರಾತ್ರಿ ಬೆಳಗಾಗುವುದರೊಳಗೆ ಸ್ಯಾಂಪಲ್ ಒಣಗುತ್ತಿದೆ

ಪ್ರೋಟಿಯೋಮಿಕ್ಸ್ (ಕೋಶದ ಪ್ರೋಟೀನ್‌ಗಳ ಅಧ್ಯಯನ) ಮಾಡುವವರು ಯಾರಾದರೂ ಇದ್ದೀರಾ? ನೂರರ ಆಸುಪಾಸು ಹೀಲಾ ಕೋಶಗಳನ್ನು (ಲ್ಯಾಬಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶ) ಪಿಡಿಎಂಎಸ್ (ಸಿಲಿಕೋನ್ ರಬ್ಬರ್) ಚಿಪ್‌ನಲ್ಲೇ ಒಡೆದು, ಅಲ್ಲೇ ಪ್ರೋಟೀನ್ ಕತ್ತರಿಸುವ ಕಿಣ್ವ ಟ್ರಿಪ್ಸಿನ್ ಹಾಕಿ, ಸಿಗುವ ಪೆಪ್ಟೈಡ್‌ಗಳನ್ನು (ಪ್ರೋಟೀನ್ ತುಣುಕು) ಮಾಸ್ ಸ್ಪೆಕ್‌ಗೆ (ಅಣುಗಳ ತೂಕ ಅಳೆಯುವ ಯಂತ್ರ) ಕೊಡಬೇಕು. ಒಂದು ಕೋಶದಲ್ಲಿ ಇರುವುದೇ ಸುಮಾರು 200 ಪಿಕೋಗ್ರಾಂ ಪ್ರೋಟೀನ್, ಮಾಮೂಲಿ ಟ್ಯೂಬಿಗೆ ಹಾಕಿದರೆ ಗೋಡೆಗೇ ಅಂಟಿಕೊಂಡು ಎಷ್ಟೋ ಹೋಗಿಬಿಡುತ್ತದೆ, ಅದಕ್ಕೇ ಈ ಚಿಪ್ ಸಾಹಸ.

37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಚೇಂಬರಿನ ಅಂಚಲ್ಲಿ ಬಿಳಿ ಉಪ್ಪಿನ ಗೆರೆ ಬಿಟ್ಟರೆ ಬೇರೇನೂ ಇಲ್ಲ. ಪಿಡಿಎಂಎಸ್ ನೀರಾವಿಯನ್ನು ಸುಮ್ನೆ ಹೊರಗೆ ಬಿಡುತ್ತದಲ್ವಾ. ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಇಟ್ಟು ಮುಚ್ಚಿದ್ದೂ ಆಯ್ತು, ಸಾಲುತ್ತಿಲ್ಲ. ಸಾಲದ್ದಕ್ಕೆ ಸ್ಪೆಕ್ಟ್ರಮ್‌ನಲ್ಲಿ m/z 445.12ರ ಸಿಲೋಕ್ಸೇನ್ (ಸಿಲಿಕೋನ್ ಜಾತಿಯ ಕಲ್ಮಶ) ಪೀಕ್ ರಾಜನ ಹಾಗೆ ಕೂತಿದೆ. ಗಾಳಿಯಿಂದಲೂ ಬರುತ್ತದೆ ಅನ್ನುತ್ತಾರೆ, ನನಗೆ ಅನುಮಾನ ಚಿಪ್ ಮೇಲೇ ಜಾಸ್ತಿ.

ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ಲ್ಯಾಬಿನವರು 2018ರಲ್ಲಿ ಪ್ರಕಟಿಸಿದ ನ್ಯಾನೋಪಾಟ್ಸ್ ಅನ್ನುವ ವಿಧಾನದಲ್ಲಿ ಗಾಜಿನ ಮೇಲೆ 200 ನ್ಯಾನೋಲೀಟರಿಗೂ ಕಡಿಮೆ ಹನಿಯಲ್ಲಿ ಇಡೀ ಕೆಲಸ ಮುಗಿಸುತ್ತಾರೆ, ಆದರೆ ಅದಕ್ಕೆ ಹನಿ ಹಾಕುವ ರೋಬೋಟ್ ಬೇಕು. ನಮ್ಮ ಹತ್ತಿರ ಇರುವುದು ಸಿರಿಂಜ್ ಪಂಪ್ ಅಷ್ಟೇ.

ಹಾಗಾಗಿ ಕೇಳುವುದು: ಪಿಡಿಎಂಎಸ್ ಬಿಟ್ಟು ಗಾಜಿಗೆ ಹೋಗಲೇಬೇಕಾ, ಇಲ್ಲಾ ಹನಿ ಮೇಲೆ ಎಣ್ಣೆ ಪದರ ಹಾಕಿ ಯಾರಾದರೂ ಬಚಾವಾಗಿದ್ದೀರಾ? ಹಾಕಿದ್ದರೆ ಆಮೇಲೆ ಎಣ್ಣೆಯನ್ನು ಕಾಲಮ್‌ಗೆ (ಮಾಸ್ ಸ್ಪೆಕ್‌ಗೂ ಮೊದಲು ಪೆಪ್ಟೈಡ್ ಬೇರ್ಪಡಿಸುವ ಕೊಳವೆ) ಹೋಗದ ಹಾಗೆ ಹೇಗೆ ತೆಗೆದಿರಿ? ಕೋಶ ಒಡೆಯಲು ಮಾಸ್ ಸ್ಪೆಕ್‌ಗೆ ತೊಂದರೆ ಕೊಡುವ ಎಸ್‌ಡಿಎಸ್ ಡಿಟರ್ಜೆಂಟ್ ಬೇಡ ಅಂತ ಸೌಮ್ಯ ಡಿಟರ್ಜೆಂಟ್ ಡಿಡಿಎಂ 0.1% ಬಳಸುತ್ತಿದ್ದೇನೆ, ಅದನ್ನು ಬದಲಿಸುವ ಯೋಚನೆ ಇಲ್ಲ. ಬೆಂಗಳೂರಲ್ಲಿ ಗಾಜಿನ ಚಿಪ್ ಎಚ್ಚಿಂಗ್ (ಗಾಜಿನಲ್ಲಿ ಸಣ್ಣ ಕಾಲುವೆ ಕೊರೆಯುವುದು) ಮಾಡಿಸಿದವರಿದ್ದರೆ ಖರ್ಚು ಎಷ್ಟಾಯಿತು ಅಂತಲೂ ತಿಳಿಸಿ. ಫೋಟೋ ಬೇಕಾದರೆ ಹಾಕುತ್ತೇನೆ.