ಹೊಸ ಡಿಸ್ಕಿಗೆ ಬ್ಯಾಕಪ್ ನಕಲು ಮಾಡಿದರೆ 210 ಜಿಬಿ ಹೋಗಿ 1 ಟಿಬಿಯೂ ಸಾಲುತ್ತಿಲ್ಲ (ಹಾರ್ಡ್ ಲಿಂಕ್)

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮನೆಯ ಫೋಟೋಗಳನ್ನು ದಿನಾ ಆರ್‌ಸಿಂಕ್‌ನಲ್ಲಿ (ಫೈಲ್ ನಕಲು ಮಾಡುವ ಕಮಾಂಡ್) ಲಿಂಕ್-ಡೆಸ್ಟ್ ಆಯ್ಕೆ ಹಾಕಿ ಬ್ಯಾಕಪ್ ಮಾಡುತ್ತೇನೆ. ಬದಲಾಗದ ಫೋಟೋ ಮತ್ತೆ ನಕಲಾಗದೆ ಹಾರ್ಡ್ ಲಿಂಕ್ ಆಗುತ್ತದೆ, ಅಂದರೆ ಅದೇ ಡೇಟಾಗೆ ಇನ್ನೊಂದು ಹೆಸರು. ದಿನಕ್ಕೊಂದು ಫೋಲ್ಡರ್, ಈಗ 30 ಇವೆ. ಫೋಟೋ ಸುಮಾರು 180 ಜಿಬಿ, ಮೂವತ್ತೂ ಫೋಲ್ಡರ್ ಸೇರಿ ಎಷ್ಟು ಜಾಗ ಹಿಡಿದಿದೆ ಎಂದು ಹೇಳುವ ಡಿಯು ಕಮಾಂಡ್ ತೋರಿಸುವುದು 210 ಜಿಬಿ. ಹಳೇ ಡಿಸ್ಕ್ ಸದ್ದು ಮಾಡುತ್ತಿದೆ, ಅದಕ್ಕೇ ಹೊಸ 1 ಟಿಬಿ ಡಿಸ್ಕ್ ತಂದು ಆರ್‌ಸಿಂಕ್ ಮೈನಸ್ ಎ (ಅನುಮತಿ, ಸಮಯ ಇತ್ಯಾದಿ ಉಳಿಸಿ ನಕಲು ಮಾಡುವ ಆಯ್ಕೆ) ಕೊಟ್ಟೆ. ರಾತ್ರಿಯೆಲ್ಲ ಓಡಿ ಆರನೇ ಫೋಲ್ಡರಿಗೇ ಡಿಸ್ಕ್ ತುಂಬಿಹೋಯಿತು. ಎಲ್ಲಿ ತಪ್ಪಿದೆ?

ಉತ್ತರ 1:
ಮೈನಸ್ ಎ ಅಂದರೆ ಎಲ್ಲವೂ ಬಂತು ಅಂತ ತುಂಬಾ ಜನ ನಂಬಿರುತ್ತಾರೆ, ಆದರೆ ಹಾರ್ಡ್ ಲಿಂಕ್ ಅದರಲ್ಲಿ ಬರುವುದಿಲ್ಲ. ದೊಡ್ಡಕ್ಷರದ ಎಚ್ ಬೇರೆಯಾಗಿ ಸೇರಿಸಬೇಕು. ನಿಮ್ಮ 30 ಫೋಲ್ಡರಿನಲ್ಲಿ ಬದಲಾಗದ ಫೋಟೋ ಡಿಸ್ಕಿನಲ್ಲಿ ಇರುವುದು ಒಂದೇ, ಒಂದೇ ಐನೋಡಿಗೆ (ಡಿಸ್ಕಿನಲ್ಲಿ ಫೈಲಿನ ಅಸಲಿ ದಾಖಲೆ) 30 ಹೆಸರು. ಎಚ್ ಇಲ್ಲದಿದ್ದರೆ ಆರ್‌ಸಿಂಕ್ ಪ್ರತಿ ಹೆಸರಿಗೂ ಹೊಸದಾಗಿ ಡೇಟಾ ಬರೆಯುತ್ತದೆ.

ಇನ್ನೊಂದು ಮಾತು, ಫೋಲ್ಡರ್ ಒಂದೊಂದಾಗಿ ಕಳಿಸಬೇಡಿ. ಒಂದೇ ಸಲ ಕಳಿಸಿದ ಫೈಲುಗಳ ನಡುವಿನ ಲಿಂಕ್ ಮಾತ್ರ ಅದಕ್ಕೆ ಕಾಣುತ್ತದೆ, ಆದ್ದರಿಂದ ಮೇಲಿನ ತಾಯಿ ಫೋಲ್ಡರನ್ನೇ ಕೊಡಿ. ಹೊಸ ಡಿಸ್ಕಿನ ಫೈಲ್ ಸಿಸ್ಟಮ್ (ಫೈಲ್ ಇಡುವ ವ್ಯವಸ್ಥೆ) ಎಕ್ಸ್‌ಟಿ4 ತಾನೇ? ಎಕ್ಸ್‌ಫ್ಯಾಟ್ ಆದರೆ ಹಾರ್ಡ್ ಲಿಂಕೇ ಇರುವುದಿಲ್ಲ.

ಕೇಳಿದವರು:
ಎಕ್ಸ್‌ಟಿ4 ಸರ್. ನಿಮ್ಮ ಉತ್ತರ ಬರುವ ಮುಂಚೆ ಎಲ್ಲವನ್ನೂ ಒಂದೇ ಟಾರ್ ಫೈಲಾಗಿ (ಹಲವು ಫೈಲು ಸೇರಿದ ಒಂದು ಕಟ್ಟು) ಕಟ್ಟಿ ನೋಡಿದ್ದೆ, ಅದು ಸರಿಯಾಗಿ 210ರ ಹತ್ತಿರವೇ ಬಂತು. ಆದರೆ ಕೊನೇ ಫೋಲ್ಡರಿನಿಂದ ಒಂದು ಫೋಟೋ ಮಾತ್ರ ಬಿಚ್ಚಲು ಹೋದರೆ, ಮೊದಲ ಫೋಲ್ಡರಿನ ಫೋಟೋಗೆ ಲಿಂಕ್ ಮಾಡಲು ಆಗಲಿಲ್ಲ, ಅಂಥ ಫೈಲೇ ಇಲ್ಲ ಅನ್ನುತ್ತದೆ. ಟಾರ್ ಕೆಟ್ಟಿದೆಯಾ? ಹೆದರಿಕೆ ಆಗುತ್ತಿದೆ, ಮಗಳ ಚಿಕ್ಕಂದಿನ ಫೋಟೋ ಎಲ್ಲ ಇದರಲ್ಲೇ ಇವೆ.

ಉತ್ತರ 2:
ಹೆದರಬೇಡಿ, ಏನೂ ಕೆಟ್ಟಿಲ್ಲ. ಡಿಸ್ಕಿನಲ್ಲಿ 30 ಹೆಸರೂ ಸಮ, ಯಾವುದನ್ನು ಅಳಿಸಿದರೂ ಉಳಿದದ್ದು ನಡೆಯುತ್ತದೆ. ಟಾರ್‌ನಲ್ಲಿ ಹಾಗಲ್ಲ. ಮೊದಲು ಸಿಕ್ಕ ಹೆಸರಿನ ಜೊತೆ ಮಾತ್ರ ಡೇಟಾ ಇಡುತ್ತದೆ, ಆಮೇಲಿನ ಹೆಸರುಗಳಿಗೆ "ಇದು ಅದರ ಲಿಂಕ್" ಅಂತ ಬರೀ ಹೆಡರ್ (ಹೆಸರು, ವಿವರದ ಚೀಟಿ). ಪಟ್ಟಿಯನ್ನು ಟಿ, ವಿ, ಎಫ್ ಹಾಕಿ ನೋಡಿ, ಅಂಥ ಸಾಲು ಸಣ್ಣ ಎಚ್‌ನಿಂದ ಶುರುವಾಗುತ್ತದೆ, ಕೊನೆಗೆ ಮೂಲ ಹೆಸರೂ ಇರುತ್ತದೆ. ಬಿಚ್ಚುವಾಗ ಆ ಮೂಲ ಹೆಸರು, ನಿಮಗೆ ಬೇಕಾದ ಹೆಸರು ಎರಡನ್ನೂ ಒಂದೇ ಕಮಾಂಡಿನಲ್ಲಿ ಕೊಡಿ, ಬರುತ್ತದೆ. ಹಳೇ ಫೋಲ್ಡರ್ ಬೇಡ ಅಂತ ಟಾರ್ ಒಳಗಿಂದ ಮಾತ್ರ ದಯವಿಟ್ಟು ಅಳಿಸಬೇಡಿ, ಡೇಟಾ ಅದರ ಜೊತೆಗೇ ಹೋಗುತ್ತದೆ.

ಒಂದು ದಿನದ ಫೋಲ್ಡರನ್ನಷ್ಟೇ ಬೇರೆ ಟಾರ್ ಮಾಡಿದರೆ ಈ ತೊಂದರೆ ಇಲ್ಲ. ಫೋಲ್ಡರಿನ ಒಳಗೇ ಲಿಂಕ್ ಇದ್ದು ಅದೂ ಬೇಡ ಅಂದರೆ ಗ್ನೂ ಟಾರ್‌ನಲ್ಲಿ ಹಾರ್ಡ್-ಡಿರೆಫರೆನ್ಸ್ ಅನ್ನುವ ಆಯ್ಕೆ ಇದೆ, ಪ್ರತಿ ಹೆಸರಿಗೂ ಪೂರ್ತಿ ಡೇಟಾ ಹಾಕುತ್ತದೆ.

ಟಾರ್‌ನಂತೆಯೇ ಫೈಲು ಕಟ್ಟುವ ಸಿಪಿಐಒ ಟಾರ್‌ಗೆ ಉಲ್ಟಾ: ಗ್ನೂ ಸಿಪಿಐಒ ನ್ಯೂಸಿ ಫಾರ್ಮ್ಯಾಟಿನಲ್ಲಿ ಡೇಟಾವನ್ನು ಕೊನೇ ಹೆಸರಿಗೆ ಅಂಟಿಸುತ್ತದೆ, ಮುಂಚಿನವು ಸೊನ್ನೆ ಬೈಟ್ ಅಂತ ಕಾಣುತ್ತವೆ. ಜಿಪ್ ಅಂತೂ ಬೇಡವೇ ಬೇಡ, ಅದಕ್ಕೆ ಹಾರ್ಡ್ ಲಿಂಕ್ ಗೊತ್ತಿಲ್ಲ, 30 ಪೂರ್ತಿ ನಕಲು ಮಾಡುತ್ತದೆ.

ನಿಮ್ಮ ಕೆಲಸಕ್ಕೆ ಮೇಲಿನವರು ಹೇಳಿದ ಎಚ್ ಸಾಕು. ಅರ್ಧ ತುಂಬಿದ್ದನ್ನು ಅಳಿಸಿ ಹೊಸದಾಗಿ ಶುರು ಮಾಡಿ. ಫೈಲ್ ಲಕ್ಷಗಟ್ಟಲೆ ಇದ್ದರೆ ಮೆಮೊರಿ ಜಾಸ್ತಿ ತಿನ್ನುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಕೇಳಿದವರು:
ಆಯಿತು! ಡಿಯು ಈಗ ಹೊಸ ಡಿಸ್ಕಿನಲ್ಲೂ 210 ಜಿಬಿ ತೋರಿಸುತ್ತಿದೆ. ಹಳೇ ಫೋಟೋ ಒಂದಕ್ಕೆ ಎಲ್‌ಎಸ್ ಮೈನಸ್ ಎಲ್ ಕೊಟ್ಟೆ, ಲಿಂಕ್ ಸಂಖ್ಯೆ 30. ಟಾರ್‌ನಿಂದ ಆ ಫೋಟೋನೂ ಬಿಚ್ಚಿತು. ಇಬ್ಬರಿಗೂ ತುಂಬಾ ಧನ್ಯವಾದ.